ಬೇಸಿಗೆಯಲ್ಲೂ ಬತ್ತದ ಬಾವಿ

ಮೊದಲ ದಿನವೇ ಅಜ್ಜಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು.

“ನಿಮ್ ಬಕೀಟ ಈ ಬಾವಿಗೆ ಬುಡಂಗಿಲ್ಲ ಕಣವ್ವ. ಅದು ಎಲ್ಲೆಲ್ಲಿ ಮುಳುಗಿ ಬಂದದೋ ಏನೋ. ಇದು ದೇವ್ರ ಪೂಜೆಗೆ ಎತ್ತೋ ನೀರು.”

ನನಗೆ ಮೂಗಿನ ತುದಿಯಲ್ಲೇ ಕೋಪ. ಮೈಸೂರಿನ ಲ್ಯಾಬಿನಿಂದ ಎರಡು ಬಸ್ಸು ಬದಲಾಯಿಸಿ, ಕೊನೆಗೆ ಮೂರು ಮೈಲಿ ನಡೆದು ಬಂದಿದ್ದೆ. ಕೈಯಲ್ಲಿದ್ದ ಸ್ಟೀಲ್ ಬಕೀಟನ್ನು ಎಲ್ಲಿ ಇಡಬೇಕೆಂದೇ ತೋಚಲಿಲ್ಲ. ಜೊತೆಗೆ ಬಂದಿದ್ದ ಅಳತೆಯಣ್ಣ ನನ್ನ ಮುಖ ನೋಡಿ ಮೆಲ್ಲಗೆ ಕೆಮ್ಮಿದರು. ಅವರು ತಿ. ನರಸೀಪುರದವರು, ಬಾವಿಗಳ ನೀರಿನ ಮಟ್ಟ ಅಳೆಯುವುದು ಅವರ ಕೆಲಸ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಳ್ಳಿ ಜನದ ಜೊತೆ ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಬಲ್ಲವರು. “ಆಗ್ಲಿ ಬುಡಿ ಅಜ್ಜಿ, ನೀವೇ ಎತ್ಕೊಡಿ,” ಅಂದರು. ಅಲ್ಲಿಗೆ ಒಪ್ಪಂದವಾಯಿತು. ಆ ಒಪ್ಪಂದಕ್ಕೆ ನಾನೂ ತಲೆಯಾಡಿಸಿದೆ. ಈಗ ಯೋಚಿಸಿದರೆ, ನನ್ನ ತಪ್ಪು ಶುರುವಾದದ್ದು ಆ ತಲೆಯಾಟದಿಂದಲೇ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಮುಖ್ಯರಸ್ತೆಯಿಂದ ಒಳಗೆ, ಒಂದು ಸಣ್ಣ ಕ್ರೋಮೈಟ್ ಅದಿರಿನ ಗಣಿ ಇತ್ತು. ಗುಂಡಿ ಆಳವಾದಂತೆ ಅದರಲ್ಲಿ ನೀರು ನಿಲ್ಲುತ್ತಿತ್ತು. ಆ ನೀರನ್ನು ಪಂಪಿನಿಂದ ಎತ್ತಿ ಪಕ್ಕದ ಹಳ್ಳಕ್ಕೆ ಬಿಡುತ್ತಿದ್ದರು. ಸುತ್ತಲಿನ ಬಾವಿಗಳಿಗೆ ಇದರಿಂದ ಏನಾಗುತ್ತದೆ, ನೀರು ಎಷ್ಟು ಇಳಿಯುತ್ತದೆ, ಕುಡಿಯಲು ಯೋಗ್ಯವಾಗಿ ಉಳಿಯುತ್ತದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡುವುದು ನಮ್ಮ ಲ್ಯಾಬಿಗೆ ಬಂದ ಕೆಲಸ. ಒಟ್ಟು ಹದಿನಾಲ್ಕು ಬಾವಿ. ಕೆಲಸ ಒಪ್ಪಿಸಿದವರು ಗಣಿಯವರೇ ಎಂಬುದನ್ನೂ ಹೇಳಬೇಕು.

ಮಟ್ಟ ಅಳೆಯುವುದು ನೋಡಲು ಸುಲಭ. ಉಕ್ಕಿನ ಟೇಪಿನ ಕೊನೆಯ ಒಂದೆರಡು ಮೀಟರಿಗೆ ಸೀಮೆಸುಣ್ಣ ತಿಕ್ಕಿ ಬಾವಿಗೆ ಇಳಿಸಬೇಕು. ಬಾವಿಕಟ್ಟೆಯ ಮೇಲೆ ನಾವೇ ಬಳಿದ ಕೆಂಪು ಗುರುತಿಗೆ ಟೇಪಿನ ಒಂದು ಪೂರ್ತಿ ಅಂಕಿಯನ್ನು ಹಿಡಿದು, ಮೇಲೆಳೆದು, ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಕಳೆಯಬೇಕು. ಆ ಟೇಪಿಗೂ ಅಜ್ಜಿ ಮೊದಲು ವಿಭೂತಿ ಹಚ್ಚಿಸಿದರು. ಅಳತೆಯಣ್ಣ ಭಕ್ತಿಯಿಂದ ಮೂರು ಗೆರೆ ಎಳೆದು, “ನಮ್ಮ ಟೇಪಿಗೂ ದೀಕ್ಷೆ ಆಯ್ತು ಮೇಡಂ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ.

ನೀರು ತುಂಬುವ ಕ್ರಮವನ್ನು ಅಜ್ಜಿಗೆ ನಾನೇ ಕಲಿಸಿದೆ. ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ಕಲಕಿ ಚೆಲ್ಲಬೇಕು, ನಾಲ್ಕನೇ ಸಲ ಬಾಯಿಮಟ್ಟ ತುಂಬಿಸಬೇಕು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು. ಅವರು ಪಾಠ ಒಪ್ಪಿಸುವ ಹಾಗೆ ತಿರುಗಿ ಹೇಳಿದರು. ನಮ್ಮ ಲ್ಯಾಬಿಗೆ ತರಬೇತಿಗೆ ಬರುವ ಡಿಗ್ರಿ ಹುಡುಗಿಯರಿಗಿಂತ ಚೆನ್ನಾಗಿ ಕಲಿತರು. ಆಮೇಲೆ ಕ್ಯಾನು ಹಿಡಿದು, ಹಿತ್ತಿಲ ಬಾವಿಗೆಂದು ಮನೆಯೊಳಗಿಂದ ಹೋದರು. ಮಡಿಯಲ್ಲಿ ಎತ್ತುವಾಗ ಯಾರೂ ಹತ್ತಿರ ಇರಕೂಡದು ಎಂದರು. ನಾವು ಜಗಲಿಯಲ್ಲಿ ಕೂತು, ಅವರ ಸೊಸೆ ತಂದ ಮಜ್ಜಿಗೆ ಕುಡಿದೆವು. ಶುಂಠಿ, ಕರಿಬೇವು ಹಾಕಿದ ಆ ಮಜ್ಜಿಗೆಯ ರುಚಿ ಇನ್ನೂ ಬಾಯಲ್ಲಿದೆ. ಒಳಗೆ ಏನು ನಡೆಯುತ್ತಿದೆ ಎಂದು ನೋಡಬೇಕೆಂಬ ಬುದ್ಧಿ ಬರಲಿಲ್ಲ.

ಮೂರು ಸುತ್ತು ಹೀಗೆಯೇ ನಡೆಯಿತು. ಮೂರರಲ್ಲೂ ಈ ಬಾವಿಯದೇ ಬೇರೆ ಕಥೆ. ಮಳೆ ನಿಂತ ಮೇಲೆ ಉಳಿದ ಬಾವಿಗಳು ಪಾತಾಳ ಕಂಡರೂ ಇದು ಇಳಿಯುತ್ತಿರಲಿಲ್ಲ. ಉಳಿದವುಗಳ ನೀರು ಗಡುಸು. ಇದರದು ಹೊಳೆಯ ನೀರಿನಷ್ಟು ಮೃದು. ಗಣಿಯ ನೀರಿನಲ್ಲಿರುವ ವಿಷದ ರೂಪದ ಕ್ರೋಮಿಯಂ ಇದರಲ್ಲಿ ಸೊನ್ನೆ. ಇದಕ್ಕೆ ಎಲ್ಲಿಂದಲೋ ಬೇರೆಯೇ ಸೆಲೆ ಇದೆ ಎಂದು ನಾನು ವರದಿಯಲ್ಲಿ ಒಂದು ಪುಟ ಬರೆದೆ. ಬರೆದು ಬೀಗಿದೆ ಕೂಡ.

ಊರಿನ ಕೆಳಗಿನ ಬೀದಿಯಲ್ಲಿ ಅರವತ್ತು ಮನೆ. ಗಣಿ ಆಳವಾದ ಮೇಲೆ ಅಲ್ಲಿನ ಕೈಪಂಪು ಒಣಗಿ, ಹೆಂಗಸರು ಮೈಲಿಗಟ್ಟಲೆ ಕೊಡ ಹೊರುತ್ತಿದ್ದರು. ಅವರಿಗಾಗಿ ಪಂಚಾಯ್ತಿ ಒಂದು ಟ್ಯಾಂಕು ಕಟ್ಟಿಸಿತು. ಟ್ಯಾಂಕಿಗೆ ನೀರು ಎಲ್ಲಿಂದ ಎಂದಾಗ ಅಜ್ಜಿ ತಮ್ಮ ಬಾವಿಯನ್ನೇ ಬಿಟ್ಟುಕೊಟ್ಟರು. ಅವರ ಯಜಮಾನರು ಆಳು ಇಡದೆ, ಅಣ್ಣತಮ್ಮಂದಿರ ಜೊತೆ ಸೇರಿ ತೋಡಿದ ಬಾವಿ ಅದು. ಯಜಮಾನರು ತೀರಿಹೋಗಿ ಎರಡು ವರ್ಷವಾಗಿತ್ತು. ಬಕೀಟು ಬಿಡಲು ಒಪ್ಪದವರು ಪೈಪು ಬಿಡಲು ಹೇಗೆ ಒಪ್ಪಿದಿರಿ ಎಂದು ನಾನೊಮ್ಮೆ ಕೆಣಕಿದ್ದೆ. “ಪೈಪು ಒಂದ್ಸಲ ಇಳೀತದೆ, ಅಲ್ಲೇ ಇರ್ತದೆ. ನಿನ್ ಬಕೀಟು ಊರೆಲ್ಲಾ ತಿರ್ಗ್ತದೆ,” ಎಂದು ನನ್ನ ಬಾಯಿ ಮುಚ್ಚಿಸಿದರು. ನೀರು ಕುಡಿಯಲು ಯೋಗ್ಯ ಎಂದು ಲ್ಯಾಬಿನ ಪತ್ರ ಬೇಕಿತ್ತು. ಮೂರು ಸುತ್ತಿನ ಫಲಿತಾಂಶ ಮುಂದಿಟ್ಟುಕೊಂಡು ನಾನೇ ಬರೆದು ಸಹಿ ಹಾಕಿ ಕಳಿಸಿದೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನಲ್ಲಿ ತಿರುಗಿಸುವುದೆಂದು ಗೊತ್ತಾಯಿತು.

ಅದಕ್ಕೆ ಮೂರು ದಿನ ಮುಂಚೆ, ಮಂಗಳವಾರ, ನಾವು ನಾಲ್ಕನೇ ಸುತ್ತಿಗೆ ಹೋದೆವು.

ಹಳ್ಳ ದಾಟುವಾಗ ನನ್ನ ಕಾಲು ಮೊಳಕಾಲುದ್ದ ಕೆಸರಿನಲ್ಲಿ ಹೂತಿತು. ಆ ಅವತಾರ ನೋಡಿ ಅಜ್ಜಿ ಬೈದುಕೊಂಡೇ ನನ್ನನ್ನು ಬಚ್ಚಲಿಗೆ ಅಟ್ಟಿದರು. ಮೊದಲ ಸಲ ನಾನು ಆ ಮನೆಯ ಹೊಸ್ತಿಲು ದಾಟಿದ್ದು. ಬಚ್ಚಲಿನಲ್ಲಿ ಒಲೆಗೆ ಹೂತ ತಾಮ್ರದ ಹಂಡೆ, ಅದರಲ್ಲಿ ಬಾವಿಯಿಂದ ತುಂಬಿಸಿದ ನೀರು. ಸೋಪು ಉಜ್ಜಿದೆ, ನೊರೆಯೇ ಬರಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಕಾಲಿಗೆ ಬಿಳೀ ಜಿಡ್ಡು ಹತ್ತಿತೇ ಹೊರತು ನೊರೆ ಇಲ್ಲ. ಹಂಡೆಯೊಳಗೆ ಬಗ್ಗಿ ನೋಡಿದರೆ ಗೋಡೆಗೆಲ್ಲ ಬೆರಳು ದಪ್ಪ ಬಿಳಿ ಕಿಟ್ಟ. ಉಗುರಿನಿಂದ ಕೆರೆದೆ. ಒಂದು ಚಕ್ಕೆ ಎದ್ದು ಕೈಗೆ ಬಂತು. ಮೃದುವಾದ ನೀರು ಕಾಯಿಸಿದ ಹಂಡೆಯಲ್ಲಿ ನೂರು ವರ್ಷವಾದರೂ ಇಷ್ಟು ಕಿಟ್ಟ ಕೂರುವುದಿಲ್ಲ. ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ತಲೆ ಎತ್ತಿದೆ. ಎದುರಿಗೆ ಅಡುಗೆಮನೆಯ ಬಾಗಿಲು ತೆರೆದಿತ್ತು.

ಒಳಗೆ ಅಜ್ಜಿ ಒಂದು ದೊಡ್ಡ ಗುಡಾಣದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಚೊಂಬಿನಿಂದ ಎತ್ತಿ ನನ್ನ ಕ್ಯಾನಿಗೆ ಸುರಿದು, ಕಲಕಿ, ಚೆಲ್ಲಿದರು. ಒಂದು. ಮತ್ತೆ ಸುರಿದು, ಕಲಕಿ, ಚೆಲ್ಲಿದರು. ಎರಡು. ಮೂರು. ನಾಲ್ಕನೇ ಸಲ ಬಾಯಿಮಟ್ಟ ತುಂಬಿಸಿ, ಮುಚ್ಚಳದ ಒಳಗೆ ಬೆರಳು ತಾಗದ ಹಾಗೆ ನಾಜೂಕಾಗಿ ಮುಚ್ಚಿದರು.

“ಅಜ್ಜಿ!” ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. “ಇದು ಯಾವ ನೀರು?”

“ಒಳೆ ನೀರು ಕಣವ್ವ, ಕಪಿಲೇದು. ಮಗ ಗಾಡೀಲಿ ತತ್ತಾನೆ. ಬಾವಿ ನೀರಲ್ಲಿ ಬೇಳೆ ಬೇಯಾಕಿಲ್ಲ ನೋಡು, ಅದ್ಕೇಯ ಅಡುಗೆಗೆ ಇದು, ನೆಂಟ್ರಿಗೆ ಇದು.”

“ಬಾವಿ ನೀರು ಕೊಡಿ ಅಂದಿದ್ದೆನಲ್ಲಾ!”

“ಮೈಸೂರ್ಗೆ ಓಗೋ ನೀರು ತಾಯಿ. ದೊಡ್ ದೊಡ್ಡವ್ರು ನೋಡ್ತರ, ಬಾಯಿಗೂ ಬುಟ್ಕೋತಾರೋ ಏನೋ. ಆ ಸವುಳು ನೀರ ಕಳ್ಸಾಕಾಯ್ತದ? ನಮ್ಮನೆ ಮರ್ಯಾದಿ ಏನಾದದು?”

“ಹಿಂದಿನ ಮೂರು ಸಲಾನೂ?”

“ಮೊದ್ಲಿಂದಾನೂ ಇದೇಯ.”

ಬಚ್ಚಲ ಹೊಸ್ತಿಲ ಮೇಲೆ ಕೂತೆ. ನಾನು ಒಂಬತ್ತು ತಿಂಗಳು ಕಪಿಲಾ ನದಿಯ ನೀರನ್ನು ಪರೀಕ್ಷೆ ಮಾಡಿ, ಅದನ್ನು ಬಾವಿಯ ನೀರೆಂದು ಬರೆದಿದ್ದೆ. ಆ ಬರಹ ನಂಬಿ ಅರವತ್ತು ಮನೆಯವರು ಶುಕ್ರವಾರ ನಲ್ಲಿಗೆ ಕೊಡ ಹಿಡಿಯುವವರಿದ್ದರು. ಅಜ್ಜಿಯನ್ನು ಬೈಯಬೇಕೆಂದು ಬಾಯಿ ತೆರೆದೆ. ಅವರು ಕ್ಯಾನಿನ ಹೊರಮೈಯನ್ನು ಸೆರಗಿನಿಂದ ಒರೆಸಿ ನನಗೆ ನೀಡುತ್ತಿದ್ದರು. ಕ್ಯಾನನ್ನು ತೆಗೆದುಕೊಂಡೆ.

ಆ ನೀರನ್ನು ಚೆಲ್ಲಿ, ಕಾರಣ ಏನೆಂದು ಪೂರ್ತಿ ಹೇಳದೆ, ಅಜ್ಜಿಯ ಕೈಯಿಂದಲೇ ಬಾವಿಯ ನೀರು ಎತ್ತಿಸಿ ಅದೇ ಕ್ಯಾನಿಗೆ ತುಂಬಿಸಿದೆ. ಈ ಸಲ ಪಕ್ಕದಲ್ಲೇ ನಿಂತೆ. ಅವರು ಗೊಣಗಿದರು, ಆದರೆ ಓಡಿಸಲಿಲ್ಲ. ಅಷ್ಟರಲ್ಲಿ ಅಳತೆಯಣ್ಣ ಟೇಪು ಸುತ್ತುತ್ತಾ ಹತ್ತಿರ ಬಂದರು.

“ಮೇಡಂ, ಒಂದು ವಿಚಿತ್ರ. ನಿನ್ನೆ ಬೆಳಿಗ್ಗೆ ನಾನು ಈ ಕಡೆ ಬಂದಿದ್ದವನು ಹಂಗೇ ಈ ಬಾವಿನೂ ಅಳೆದಿದ್ದೆ. ಒಂದು ಗೇಣು ಕೆಳಗಿತ್ತು. ಇವತ್ತು ಮತ್ತೆ ಮೇಲೆ ಬಂದಿದೆ.”

“ನಿನ್ನೆ ಅಳತೆ ತಪ್ಪಿರಬೇಕು.”

“ಅಳತೆ ತಪ್ಪಿಲ್ಲ ಮೇಡಂ. ಮೂರು ಸಲ ಬಿಟ್ಟು ನೋಡಿದ್ದೀನಿ.” ಅವರಿಗೆ ಬೇಜಾರಾಗಿತ್ತು.

ಸೋಮವಾರ ಬೆಳಿಗ್ಗೆ ಕೆಳಗೆ, ಮಂಗಳವಾರ ಮೇಲೆ. ಮಳೆಯಂತೂ ಇಲ್ಲ. ಇಬ್ಬರೂ ಹಿತ್ತಿಲ ಬೇಲಿ ದಾಟಿ ನಡೆದೆವು. ನಲವತ್ತು ಹೆಜ್ಜೆಗೆ ಹಳ್ಳ ಸಿಕ್ಕಿತು, ನಾನು ಕಾಲು ಹೂತುಕೊಂಡಿದ್ದ ಅದೇ ಹಳ್ಳ. ಕಡು ಬೇಸಿಗೆಯಲ್ಲಿ ಅದು ಜುಳುಜುಳು ಹರಿಯುತ್ತಿತ್ತು. ಹರಿಯದೆ ಏನು? ಗಣಿಯ ಪಂಪು ಓಡುತ್ತಿತ್ತಲ್ಲ. ಭಾನುವಾರ ಗಣಿಗೆ ರಜೆ. ಶನಿವಾರ ಸಂಜೆ ಪಂಪು ನಿಂತರೆ ಮತ್ತೆ ಶುರುವಾಗುವುದು ಸೋಮವಾರ. ಪಂಪು ನಿಂತರೆ ಹಳ್ಳ ಒಣಗುತ್ತದೆ, ಹಳ್ಳ ಒಣಗಿದರೆ ಬಾವಿ ಇಳಿಯುತ್ತದೆ. ಪಂಪು ಓಡಿದರೆ ಬಾವಿ ಏರುತ್ತದೆ. ಎಷ್ಟು ಬೇಸಿಗೆ ಬಂದರೂ ಬತ್ತದ ಬಾವಿ ಎಂದು ಊರೆಲ್ಲ ಕೈ ಮುಗಿಯುತ್ತಿದ್ದರಲ್ಲ, ಅದನ್ನು ತುಂಬುತ್ತಿದ್ದದ್ದು ಗಣಿಯ ಗುಂಡಿಯ ನೀರು.

“ಅಯ್ಯೋ ಶಿವನೇ,” ಅಂದರು ಅಳತೆಯಣ್ಣ.

ಬುಧವಾರ ಬೆಳಿಗ್ಗೆ ಲ್ಯಾಬಿನಲ್ಲಿ ಕರೆಂಟಿಲ್ಲ. ಬಣ್ಣ ಅಳೆಯುವ ಯಂತ್ರ ಸತ್ತಂತೆ ಕೂತಿತ್ತು. ಈ ಕ್ರೋಮಿಯಂ ಪರೀಕ್ಷೆಯನ್ನು ನೀರು ಎತ್ತಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕು. ತಡವಾದರೆ ಅದು ರೂಪ ಬದಲಿಸಿ ಕಣ್ಣು ತಪ್ಪಿಸಬಹುದು. ಹನ್ನೊಂದಾಯಿತು, ಹನ್ನೆರಡಾಯಿತು. ಕಾದು ಕಾದು, ಹಳೆಯ ಕಾಲದ ಹಾಗೆ ಕಣ್ಣಳತೆಯಲ್ಲೇ ಮಾಡಲು ಕೂತೆ. ಉದ್ದನೆಯ ಗಾಜಿನ ನಳಿಕೆಗೆ ನೀರು ಹಾಕಿ, ಸ್ವಲ್ಪ ಗಂಧಕಾಮ್ಲ ಸೇರಿಸಿ, ಅಸಿಟೋನಿನಲ್ಲಿ ಕರಗಿಸಿದ ಬಣ್ಣ ಬರಿಸುವ ಔಷಧಿ ಬೆರೆಸಬೇಕು. ವಿಷದ ಕ್ರೋಮಿಯಂ ಇದ್ದರೆ ಹತ್ತು ನಿಮಿಷದಲ್ಲಿ ನೇರಳೆ ಬಣ್ಣ ಏಳುತ್ತದೆ. ಕುಡಿಯುವ ನೀರಿನ ಮಿತಿಯಷ್ಟೇ ಕ್ರೋಮಿಯಂ ಹಾಕಿದ ಇನ್ನೊಂದು ನಳಿಕೆಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಮಿತಿಯ ನಳಿಕೆಯ ಬಣ್ಣ ಕಂಡೂ ಕಾಣದ ನಸುಗೆಂಪು. ಅಜ್ಜಿಯ ಬಾವಿಯ ನಳಿಕೆ ನೇರಳೆಯಾಗಲು ಹತ್ತು ನಿಮಿಷ ಕಾಯಲೇ ಇಲ್ಲ.

ನಳಿಕೆ ಹಿಡಿದುಕೊಂಡೇ ನಮ್ಮ ಮುಖ್ಯಸ್ಥರ ಕೋಣೆಗೆ ನುಗ್ಗಿದೆ. ಅವರು ಕೆಟ್ಟವರಲ್ಲ. ಆದರೆ ಎಲ್ಲ ಮಾತಿಗೂ ಮೊದಲು ಕನ್ನಡಕ ಒರೆಸುತ್ತಿದ್ದರು, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

“ಕ್ಯಾನು ಯಾವುದು?” ಎಂದರು.

“ಏಳನೇ ನಂಬರು.”

ರಿಜಿಸ್ಟರ್ ತೆಗೆದು ಬೆರಳಿಟ್ಟು ತೋರಿಸಿದರು. ಹಿಂದಿನ ಸುತ್ತಿನಲ್ಲಿ ಏಳನೇ ನಂಬರಿನ ಕ್ಯಾನಿನಲ್ಲಿ ಗಣಿಯ ಗುಂಡಿಯ ನೀರು ತಂದಿದ್ದೆ. “ಆಮೇಲೆ ಆಸಿಡ್ಡಲ್ಲಿ ತೊಳೆದಿದ್ರಾ?”

ಬರೀ ನೀರಿನಲ್ಲಿ ತೊಳೆದಿದ್ದೆ. ಅವರ ಮಾತು ಸರಿಯಾಗಿತ್ತು, ಅದೇ ಹೊಟ್ಟೆ ಉರಿಸುವ ಸಂಗತಿ.

“ಒಂದೇ ಸ್ಯಾಂಪಲ್ಲು, ಅದೂ ಕೊಳಕು ಕ್ಯಾನು. ಇದನ್ನ ನಂಬಿ ನಾವು ಕಾಗದ ಬರೆಯೋಕಾಗಲ್ಲಮ್ಮ. ಮುಂದಿನ ತಿಂಗಳು ಇನ್ನೊಂದು ಸಲ ಹೋಗಿ ಬನ್ನಿ.”

“ನಾಡಿದ್ದು ನಲ್ಲಿ ತಿರುಗಿಸ್ತಾರೆ ಸರ್.”

“ಅದು ಪಂಚಾಯ್ತಿ ವಿಷಯ.”

“ಪತ್ರದಲ್ಲಿ ನನ್ನ ಸಹಿ ಇದೆ.”

“ಅದಕ್ಕೇ ಹೇಳ್ತಿರೋದು. ಅವಸರ ಬೇಡ. ಕೆಲಸ ಕಾಂಟ್ರಾಕ್ಟಿನದು, ನೆನಪಿರಲಿ.”

ಪಂಚಾಯ್ತಿ ಆಫೀಸಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಯಾರೋ ಎತ್ತಿ, ಅಧ್ಯಕ್ಷರು ಶಾಮಿಯಾನದ ಓಡಾಟದಲ್ಲಿದ್ದಾರೆ ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ಬೂತಿನಲ್ಲಿ ನಿಂತು ನನ್ನನ್ನು ನಾನೇ ಬೈದುಕೊಂಡೆ. ಇದು ಇವತ್ತು ಕುಡಿದರೆ ನಾಳೆ ಬೀಳಿಸುವ ವಿಷವಾಗಿದ್ದರೆ ಯಾರಾದರೂ ಓಡಿಬರುತ್ತಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಕುಡಿದ ಮೇಲೆ ಒಳಗಿಂದ ಹಾಳು ಮಾಡುವಂಥದು. ಅಷ್ಟು ನಿಧಾನದ ಅಪಾಯಕ್ಕೆ ಅವಸರ ಯಾರಿಗಿರುತ್ತದೆ?

ಗುರುವಾರ ಒಂದು ತೀರ್ಮಾನಕ್ಕೆ ಬಂದೆ. ನೀರನ್ನು ಲ್ಯಾಬಿಗೆ ತಂದರೆ ತಾನೇ ಕ್ಯಾನು, ಗಂಟೆ, ಕರೆಂಟು ಎಂಬ ತಕರಾರು? ಲ್ಯಾಬನ್ನೇ ಬಾವಿಯ ಹತ್ತಿರಕ್ಕೆ ಒಯ್ಯುವುದು. ಎಲ್ಲರ ಕಣ್ಣೆದುರು ಮಾಡುವುದು. ಸುಳ್ಳಾದರೆ ಎಲ್ಲರ ಮುಂದೆ ನನಗೆ ಛೀಮಾರಿ, ನಿಜವಾದರೆ ನಲ್ಲಿ ತಿರುಗುವುದಿಲ್ಲ.

ಗಾಜಿನ ನಳಿಕೆಗಳನ್ನು ತೊಳೆಯಲು ಕೂತೆ. ಅಭ್ಯಾಸಬಲ ನೋಡಿ, ನಮ್ಮಲ್ಲಿ ಗಾಜು ತೊಳೆಯುವುದು ಕ್ರೋಮಿಕ್ ಆಸಿಡ್ಡಿನ ತೊಟ್ಟಿಯಲ್ಲಿ. ಮೊದಲ ನಳಿಕೆ ಅದರೊಳಗೆ ಅರ್ಧ ಇಳಿದಿತ್ತು, ಆಗ ಹೊಳೆಯಿತು. ಕ್ರೋಮಿಯಂ ಹುಡುಕಲು ಹೊರಟವಳು ಕ್ರೋಮಿಯಮ್ಮಿನಲ್ಲೇ ಗಾಜು ಅದ್ದುತ್ತಿದ್ದೆ! ಆ ನಳಿಕೆಯನ್ನು ಎಸೆದೇಬಿಟ್ಟೆ. ಉಳಿದವನ್ನು ನೈಟ್ರಿಕ್ ಆಸಿಡ್ಡಿನಲ್ಲಿ ನೆನೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಆರು ಸಲ ತೊಳೆದೆ. ಬಣ್ಣದ ಔಷಧಿಯನ್ನು ಹೊಸದಾಗಿ ಕರಗಿಸಿದೆ. ಗಂಧಕಾಮ್ಲದ ಪುಟ್ಟ ಶೀಷೆಯನ್ನು ಮರಳು ತುಂಬಿದ ಟಿಫನ್ ಡಬ್ಬಿಯಲ್ಲಿ ಹುಗಿದೆ. ಎಲ್ಲವನ್ನೂ ತರಕಾರಿ ಬುಟ್ಟಿಯಲ್ಲಿ ಜೋಡಿಸಿ ಮೇಲೆ ಟವೆಲ್ಲು ಹೊದಿಸಿದೆ. ಮುಖ್ಯಸ್ಥರ ಮೇಜಿನ ಮೇಲೆ ಒಂದು ದಿನದ ರಜೆ ಚೀಟಿ ಇಟ್ಟೆ. ಕಾರಣ ಎಂಬಲ್ಲಿ ‘ಸ್ವಂತ ಕೆಲಸ’ ಎಂದು ಬರೆದೆ.

ಶುಕ್ರವಾರದ ಬಸ್ಸಿನಲ್ಲಿ ಅಸಿಟೋನಿನ ವಾಸನೆಗೆ ಕಂಡಕ್ಟರು ಮೂಗು ಮುಚ್ಚಿಕೊಂಡ. “ಏನ್ ಮೇಡಂ, ಉಗುರು ಬಣ್ಣದ ಅಂಗಡಿ ಇಟ್ಟಿದ್ದೀರಾ?” ಹೂಂ ಅಂದೆ. ತಾಂಡವಪುರ ದಾಟಿದ ಮೇಲೆ ರೈಲ್ವೆ ಗೇಟು ಬಿತ್ತು. ಇಪ್ಪತ್ತು ನಿಮಿಷ. ಒಂದೇ ಒಂದು ಗೂಡ್ಸು ಗಾಡಿ, ಅದಕ್ಕೆ ಕೊನೆಯೇ ಇಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆವೆತೆ. ನಂಜನಗೂಡಿನಲ್ಲಿ ಎರಡನೇ ಬಸ್ಸು ತಪ್ಪಿ, ಒಂದು ಟೆಂಪೋದ ಮುಂದಿನ ಸೀಟಿನಲ್ಲಿ ಕೂತು, ಕೊನೆಯ ಮೂರು ಮೈಲಿ ಅರ್ಧ ನಡೆದು ಅರ್ಧ ಓಡಿ ಊರು ಸೇರಿದಾಗ ಹತ್ತೂ ಕಾಲು. ಅಳತೆಯಣ್ಣ ಊರ ಬಾಗಿಲಲ್ಲೇ ಕಾಯುತ್ತಿದ್ದರು.

“ಇನ್ನೂ ಸ್ವಿಚ್ಚು ಹಾಕಿಲ್ಲ, ಬೇಗ ಬನ್ನಿ,” ಎಂದು ಬುಟ್ಟಿ ಕಿತ್ತುಕೊಂಡು ಮುಂದೆ ಓಡಿದರು.

ಟ್ಯಾಂಕಿನ ಕೆಳಗೆ ಶಾಮಿಯಾನ. ಕೆಳಗಿನ ಬೀದಿಯ ಹೆಂಗಸರು ತೊಳೆದ ಕೊಡಗಳನ್ನು ಸಾಲಾಗಿ ಇಟ್ಟಿದ್ದರು. ಅಜ್ಜಿ ಇಳಕಲ್ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಹರಸಲು ಬಂದಿದ್ದೇನೆ ಎಂದುಕೊಂಡರೋ ಏನೋ.

ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ನನ್ನ ಮುಖದ ಮುಂದೆ ಹಿಡಿದರು. “ಇದ್ಯಾರ ಸಯ್ಯಿ ಮೇಡಂ? ನೀವೇ ಚೆಂದಾಗದೆ ಅಂತ ಬರ್ಕೊಟ್ರಿ, ಈಗ ನೀವೇ ಬ್ಯಾಡ ಅಂತೀರಾ? ಆಟ ಆಡ್ತಿದ್ದೀರಾ?”

“ಹತ್ತು ನಿಮಿಷ ಕೊಡಿ. ಎಲ್ಲರ ಮುಂದೆ ಮಾಡಿ ತೋರಿಸ್ತೀನಿ. ನೀರು ನೀವೇ ಎತ್ತಿ.”

ಅಷ್ಟು ಹೊತ್ತಿಗೆ ಜನ ಸುತ್ತ ನೆರೆದರು. ಮೇಜಿನ ಮೇಲೆ ಬಿಳೀ ಕಾಗದ ಹಾಸಿ ನಾಲ್ಕು ನಳಿಕೆ ನಿಲ್ಲಿಸಿದೆ. ಒಂದರಲ್ಲಿ ಬಟ್ಟಿ ಇಳಿಸಿದ ನೀರು. ಒಂದರಲ್ಲಿ ಮಿತಿಯಷ್ಟೇ ಕ್ರೋಮಿಯಂ. ಒಂದಕ್ಕೆ ಅಜ್ಜಿಯ ಅಡುಗೆಮನೆಯಿಂದ ಹೊಳೆಯ ನೀರು ತರಿಸಿದೆ. ನಾಲ್ಕನೆಯದಕ್ಕೆ ಅಧ್ಯಕ್ಷರು ತಾವೇ ಒಂದು ಗಳಿಗೆ ಮೋಟಾರು ಹಾಕಿಸಿ ಬಾವಿಯ ಪೈಪಿನಿಂದ ಹೊಸ ಲೋಟದಲ್ಲಿ ನೀರು ಹಿಡಿದು ತಂದರು. ಮಿತಿಯ ನಳಿಕೆ ತೋರಿಸಿ, ಬಣ್ಣ ಇದಕ್ಕಿಂತ ಕಡಿಮೆ ಬಂದರೆ ಕುಡಿಯಬಹುದು, ಹೆಚ್ಚು ಬಂದರೆ ಕುಡಿಯಬಾರದು ಎಂದೆ. ಆಮ್ಲ ಹಾಕಿದೆ. ಔಷಧಿ ಹಾಕಿದೆ.

ಆ ಕೆಲವು ನಿಮಿಷ ನಾನು ಬೇಡಿಕೊಂಡದ್ದು ಏನೆಂದರೆ, ಏಳನೇ ನಂಬರಿನ ಕ್ಯಾನೇ ಕೊಳಕಾಗಿರಲಿ, ನಾನೇ ಪೆದ್ದಿಯಾಗಲಿ, ಈ ನೀರು ತಿಳಿಯಾಗಿಯೇ ಇರಲಿ. ನಿಜವಾಗಿ ಬೇಡಿಕೊಂಡೆ. ಎರಡು ನಳಿಕೆಗಳು ಹಾಗೆಯೇ ಇದ್ದವು, ಮಿತಿಯದು ಕಂಡೂ ಕಾಣದಷ್ಟು ನಸುಗೆಂಪಾಯಿತು. ನಾಲ್ಕನೆಯದು ಕಲಕಿದ ಕೂಡಲೇ ಬುಡದಿಂದ ನೇರಳೆ ಹಣ್ಣು ಹಿಂಡಿದ ಹಾಗೆ ಬಣ್ಣ ಎದ್ದಿತು.

“ಬಣ್ಣ ನೀವೇ ಆಕಿದ್ದು!” ಅಂದರು ಅಧ್ಯಕ್ಷರು.

“ಎಲ್ಲದಕ್ಕೂ ಅದೇ ಶೀಷೆಯಿಂದ ಹಾಕಿದೆ. ಬೇಕಾದರೆ ಔಷಧಿ ನೀವೇ ಹಾಕಿ ನೋಡಿ.”

ಅದೇ ಬಾವಿ ನೀರಿನ ಇನ್ನೊಂದು ನಳಿಕೆ ಕೊಟ್ಟೆ. ಅವರೇ ಹಾಕಿದರು. ಮತ್ತೆ ಅದೇ ಬಣ್ಣ. ಹಿಂದಿನಿಂದ ಒಬ್ಬರು, “ನಮ್ ದನ ಕುಡ್ಕೊಂಡು ಬದುಕ್ನಿಲ್ವಾ?” ಎಂದರು. ಕೆಳಗಿನ ಬೀದಿಯ ಒಬ್ಬ ಹೆಂಗಸು ತಿರುಗಿ, “ನಿಮ್ ಮಕ್ಳಿಗೆ ಕುಡ್ಸು ಮೊದ್ಲು, ಆಮ್ಯಾಕೆ ನಾವು ಹಿಡ್ಕೋತೀವಿ,” ಎಂದಳು.

“ಅಂಗಾರೆ ಈ ಕಾಗ್ದ?” ಅಧ್ಯಕ್ಷರು ಬಿಡಲಿಲ್ಲ. “ಮೂರು ಸಲ ಟೆಸ್ಟು ಮಾಡಿ ಕೊಟ್ಟೀವಿ ಅಂತ ಬರ್ದೀರಿ. ಆ ಮೂರು ಸಲ ಎಲ್ಲಿತ್ತು ಈ ಬಣ್ಣ?”

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಊರಿನ ಮುಂದೆ ಅವರ ಹೆಸರು ಎತ್ತಲು ನನಗೆ ಬಾಯಿ ಬರಲಿಲ್ಲ. ಕಾಗದ ಇಸಿದುಕೊಂಡು, ಅಡ್ಡಗೆರೆ ಎಳೆದು, ‘ರದ್ದು’ ಎಂದು ಬರೆದು, ಕೆಳಗೆ ಮತ್ತೆ ಸಹಿ ಹಾಕಿದೆ. “ತಪ್ಪು ನನ್ನದು. ಸ್ಯಾಂಪಲ್ಲು ನಾನು ಸರಿಯಾಗಿ ಎತ್ತಲಿಲ್ಲ,” ಎಂದೆ. ಅದು ಸುಳ್ಳೂ ಅಲ್ಲ.

ಆ ಮೇಲಿನ ವಿಚಾರ ಇಲ್ಲೇ ಹೇಳಿ ಮುಗಿಸುತ್ತೇನೆ. ಉಳಿದ ಹದಿಮೂರು ಬಾವಿಗಳಿಗೂ ಮುಂದಿನ ವಾರ ಹೋಗಿ, ನೀರು ಎಲ್ಲಿಂದ ತುಂಬಿಸಿದಿರಿ ಎಂದು ಒಳಗೆ ಹೊಕ್ಕು ಕೇಳಿದೆ. ಇನ್ನೂ ಮೂರು ಮನೆಗಳಲ್ಲಿ, ಬೇರೆ ಬಾವಿಯಿಂದ ಹೊತ್ತು ತಂದ ಅಡುಗೆಮನೆಯ ನೀರೇ ಬಂದಿತ್ತು. ಒಂಬತ್ತು ತಿಂಗಳ ಅಂಕಿಗಳನ್ನು ಬಿಸಾಡಿ ಮೊದಲಿನಿಂದ ಶುರು ಮಾಡಬೇಕಾಯಿತು. ಮುಖ್ಯಸ್ಥರು ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಕನ್ನಡಕ ಒರೆಸಿಕೊಂಡು ಹೊಸ ವರದಿಗೆ ತಮ್ಮ ಸಹಿಯನ್ನೂ ಹಾಕಿದರು. ನನ್ನ ಕಾಂಟ್ರಾಕ್ಟನ್ನು ಮಾತ್ರ ಆ ವರ್ಷ ಮುಂದುವರಿಸಲಿಲ್ಲ. ಟ್ಯಾಂಕಿಗೆ ಹೊಳೆಯ ಕಡೆಯಿಂದ ಪೈಪು ಎಳೆಯಲು ಪಂಚಾಯ್ತಿಗೆ ಇನ್ನೂ ಒಂದು ವರ್ಷ ಹಿಡಿಯಿತಂತೆ.

ಆದರೆ ಆ ದಿನ ಶಾಮಿಯಾನದಲ್ಲಿ ಮಾತು ಮುಗಿದಿರಲಿಲ್ಲ. ತಪ್ಪು ನನ್ನದು ಎಂದು ನಾನು ಹೇಳುತ್ತಿದ್ದಂತೆ ಅಜ್ಜಿ ಕುರ್ಚಿಯಿಂದ ಎದ್ದರು.

“ಆ ಉಡ್ಗಿ ಯಾಕೆ ತಲೆ ಮ್ಯಾಲೆ ಆಕ್ಕೋತದೆ? ತುಂಬ್ಸಿದ್ದು ನಾನು,” ಅಂದರು. “ಬಾವಿ ನೀರ ಕೇಳಿದ್ಳು, ನಾನು ಒಳೆ ನೀರ ಕೊಟ್ಟೆ. ಮೈಸೂರ್ಗೆ ಓಗೋದು, ಚೆಂದಾಗಿರ್ಲಿ ಅಂತ ಕೊಟ್ಟೆ.” 

ಆಮೇಲೆ ಕೊಡ ಹಿಡಿದು ನಿಂತಿದ್ದ ಹೆಂಗಸರ ಕಡೆಗೆ ತಿರುಗಿದರು.

“ಕಾಣ್ದವ್ರಿಗೆ ಒಳೆ ನೀರ ಕಳಿಸ್ದೆ ಕಣ್ರವ್ವಾ. ನಿಮ್ಗೆ ಇದ್ನ ಕುಡ್ಸಾಕೆ ಓಗಿದ್ದೆ.”

ನಾನು ಹತ್ತಿರ ಹೋಗಿ ಅಜ್ಜಿಯ ಕೈ ಹಿಡಿದೆ. ಬಿಡಿಸಿಕೊಂಡರು. ಟ್ಯಾಂಕಿನ ಮೇಲೆ, ಇನ್ನೂ ಹಸಿ ಆರದ ನೀಲಿ ಅಕ್ಷರದಲ್ಲಿ, ಅವರ ಯಜಮಾನರ ಹೆಸರು ಬರೆದಿತ್ತು. ಬರೆದ ಪೇಂಟರು ಊಟದ ಆಸೆಗೆ ಅಲ್ಲೇ ಉಳಿದಿದ್ದ. ಅಜ್ಜಿ ಅವನನ್ನು ಕರೆದರು.

“ಅವ್ರು ತೋಡ್ದಾಗ ನೀರು ಚೆಂದಾಗೇ ಇತ್ತು ಕಣಪ್ಪ. ಈಗ ಕೆಟ್ಟದೆ. ಕೆಟ್ಟ ನೀರ್ಗೆ ಅವ್ರ ಎಸ್ರು ಯಾಕ? ಸುಣ್ಣ ಒಡ್ದು ಅಳಿಸ್ಬುಡು.”

ಅಧ್ಯಕ್ಷರು ಬೇಡ ಅಂದರು, ನಾನೂ ಬೇಡ ಅಂದೆ, ಕೆಳಗಿನ ಬೀದಿಯ ಹೆಂಗಸರೂ ಬೇಡ ಅಂದರು. ಅಜ್ಜಿ ಕೇಳಲಿಲ್ಲ. ಪೇಂಟರು ಏಣಿ ಹಾಕಿ ಹತ್ತಿದ. ಕೊನೆಯ ಅಕ್ಷರ ಮುಚ್ಚುವವರೆಗೂ ಅವರು ತಲೆ ಎತ್ತಿ ನೋಡುತ್ತಾ ನಿಂತರು, ನಾವೆಲ್ಲ ಅವರ ಜೊತೆ ನಿಂತೆವು.